ದರ್ಶನ, ಸ್ಪರ್ಶನ, ಪ್ರಶ್ನ: ಬಾಯಿಯ ಅರ್ಬುದವನ್ನು ಗುರುತಿಸಿದ ಚರಿತ್ರೆ

ವಿಜಯನಗರದ ಎರಡನೆಯ ದೇವರಾಯನು ಶಕ 1348ರಲ್ಲಿ, ಎಂದರೆ ಕ್ರಿ. ಶ. 1426ರಲ್ಲಿ, ತನ್ನ ರಾಜಧಾನಿಯಲ್ಲಿ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯವೊಂದನ್ನು ಕಟ್ಟಿಸಿದನು. ಅಲ್ಲಿಯ ಶಾಸನವು ಆ ಗುಡಿಯಿದ್ದ ಬೀದಿಯನ್ನು ‘ಕ್ರಮುಕ ಪರ್ಣಾಪಣ ವೀಥಿ’ ಎಂದು ಹೆಸರಿಸುತ್ತದೆ. ಕ್ರಮುಕವೆಂದರೆ ಅಡಿಕೆ, ಪರ್ಣವೆಂದರೆ ಎಲೆ, ಆಪಣವೆಂದರೆ ಅಂಗಡಿ. ಎಲೆಯಡಿಕೆಗೆಂದೇ ಒಂದು ಬೀದಿ! ಹದಿನೇಳು ವರ್ಷಗಳ ತರುವಾಯ, 1443ರಲ್ಲಿ, ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಇಲ್ಲಿಗೆ ಬಂದಾಗ ಅರಸನು ಅವನಿಗೆ ವೀಳ್ಯವನ್ನೂ ಕರ್ಪೂರವನ್ನೂ ಕೊಡಿಸಿದನು. ಅತಿಥಿಯು ವೀಳ್ಯದ ಗುಣವನ್ನು ಬಾಯಿತುಂಬ ಹೊಗಳಿ ಬರೆದಿಟ್ಟಿದ್ದಾನೆ.

ಆ ವೀಳ್ಯದಲ್ಲಿ ಹೊಗೆಸೊಪ್ಪು ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಕಾಲದಲ್ಲಿ ನಮ್ಮ ತೀರವನ್ನು ಮುಟ್ಟಿತು. 1604-05ರ ವೇಳೆಗೆ ಬಿಜಾಪುರದಲ್ಲಿ ಅದು ಸಿಗುತ್ತಿತ್ತು. ಅಸದ್ ಬೇಗನೆಂಬ ಮೊಗಲ್ ಅಧಿಕಾರಿ ಅದನ್ನು ಅಲ್ಲಿಂದಲೇ ಕೊಂಡೊಯ್ದು ಅಕ್ಬರನ ಮುಂದಿಟ್ಟನು. ಇದು ನಮ್ಮ ಗ್ರಂಥಗಳಲ್ಲಿಲ್ಲದ, ಪರೀಕ್ಷಿಸಿ ನೋಡದ ವಸ್ತುವೆಂದು ಆಸ್ಥಾನದ ಹಕೀಮನು ತಡೆದನಂತೆ. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿ ಅಪ್ಪಣೆಯನ್ನೇ ಹೊರಡಿಸಿದನು. ಆದರೆ ಹಕೀಮನ ಮಾತಾಗಲಿ ಬಾದಶಹನ ಅಪ್ಪಣೆಯಾಗಲಿ ಉಳಿಯಲಿಲ್ಲ. ಉಳಿದದ್ದು ಹೊಗೆಸೊಪ್ಪು ಮಾತ್ರ.

ಇಂದು ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೊರಟರೆ ತೋರಣಗಲ್ಲಿನ ಮಗ್ಗುಲಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪ ಸಿಗುತ್ತದೆ. ಉಕ್ಕಿನ ಕಾರ್ಖಾನೆಯ ನೆರೆಯ ಊರು. ಪಾಳಿಯ ಮೇಲೆ ದುಡಿಯುವ ಜನ. ಈ ಸೀಮೆಯ ಗೂಡಂಗಡಿಗಳ ಮುಂದೆ ಹಬ್ಬದ ತೋರಣದಂತೆ ಬಣ್ಣಬಣ್ಣದ ಚೀಟುಗಳು ತೂಗುವುದನ್ನು ನಾನು ನೋಡಿದ್ದೇನೆ. 2013ರಲ್ಲಿ ನಮ್ಮ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು. ಆಗ ಅಡಿಕೆಯ ಚೀಟು ಬೇರೆಯಾಯಿತು, ತಂಬಾಕಿನ ಚೀಟು ಬೇರೆಯಾಯಿತು. ಕೊಂಡವನು ಎರಡನ್ನೂ ಬೆರೆಸಿಕೊಂಡನು. ತಂಬಾಕು ಕೂಡಿದ ವೀಳ್ಯ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1985ರಲ್ಲಿ ಸಾರಿತು. ಬರಿಯ ಅಡಿಕೆಯೂ ನಿರಪಾಯವಲ್ಲವೆಂದು 2004ರಲ್ಲಿ ಪ್ರಕಟವಾದ ಅದರ ಗ್ರಂಥ ಹೇಳಿತು. ಕಾರಣದ ಮಾತು ಇಷ್ಟು. ನಾನು ಇಲ್ಲಿ ಹೇಳಹೊರಟಿರುವುದು ಬೇರೊಂದು ಕಥೆಯನ್ನು: ಬಾಯಲ್ಲಿ ಹುಟ್ಟಿದ ಈ ರೋಗವನ್ನು ಮನುಷ್ಯನು ಗುರುತಿಸಲು ಕಲಿತದ್ದು ಹೇಗೆ ಎಂಬುದನ್ನು. ನಾನು ವೈದ್ಯನಲ್ಲ, ಕನ್ನಡದ ಮೇಷ್ಟ್ರು. ಆದುದರಿಂದ ಹಳೆಯ ಗ್ರಂಥಗಳಿಂದಲೇ ಆರಂಭಿಸುತ್ತೇನೆ.

ಸುಶ್ರುತನು ಬಾಯಿಯ ರೋಗಗಳನ್ನು ಅರವತ್ತೈದೆಂದು ಎಣಿಸಿ, ತುಟಿ, ಒಸಡು, ಹಲ್ಲು, ನಾಲಗೆ, ಅಂಗಳು, ಗಂಟಲು ಎಂದು ಸ್ಥಳಸ್ಥಳಕ್ಕೆ ಹಂಚಿದ್ದಾನೆ. ಅಂಗಳಿನ ರೋಗಗಳಲ್ಲಿ ‘ಅರ್ಬುದ’ವೂ ಒಂದು, ಅದರ ಆಕಾರವನ್ನು ಅವನು ತಾವರೆಗೆ ಹೋಲಿಸುತ್ತಾನೆ. ನಾಲಗೆಯ ಅಡಿಯಲ್ಲಿ ಬಾವು ಬೆಳೆದು, ನಾಲಗೆಯೇ ಸೆಟೆದುಕೊಳ್ಳುವ ‘ಅಲಾಸ’ವೆಂಬ ರೋಗವನ್ನೂ ವರ್ಣಿಸುತ್ತಾನೆ. ಇವೆಲ್ಲ ಇಂದಿನ ಕ್ಯಾನ್ಸರೇ ಎಂದು ಸಾಧಿಸುವ ಹಟ ನನಗಿಲ್ಲ. ಹೆಸರಿಗಿಂತ ನೋಟ ಮುಖ್ಯ. ದೀಪವೂ ಕನ್ನಡಿಯೂ ಸಾಲದಿದ್ದ ಕಾಲದಲ್ಲಿ ರೋಗಿಯ ಬಾಯನ್ನು ಇಷ್ಟು ಸಾವಧಾನವಾಗಿ ನೋಡಿದವರಿದ್ದರಲ್ಲ, ಅದು ದೊಡ್ಡದು. ಪಂಚೇಂದ್ರಿಯಗಳಿಂದಲೂ ಪ್ರಶ್ನೆಯಿಂದಲೂ ರೋಗವನ್ನು ಅರಿಯಬೇಕೆಂಬುದು ಸುಶ್ರುತನ ಮತ. ವಾಗ್ಭಟನು ಅದನ್ನು ಸಂಗ್ರಹಿಸಿ ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರೇ ಮಾತಿನಲ್ಲಿ ಹೇಳಿದನು: ನೋಡು, ಮುಟ್ಟು, ಕೇಳು.

ಆದರೆ ಕಣ್ಣಿಗೆ ಒಂದು ಮಿತಿಯುಂಟು. ಒಂದೇ ತೆರನಾಗಿ ಕಾಣುವ ಎರಡು ಹುಣ್ಣುಗಳಲ್ಲಿ ಒಂದು ವಾರದಲ್ಲಿ ಮಾಯುತ್ತದೆ, ಇನ್ನೊಂದು ಪ್ರಾಣವನ್ನೇ ತೆಗೆಯುತ್ತದೆ. ಇವನ್ನು ಬೇರ್ಪಡಿಸಿದ್ದು ಸೂಕ್ಷ್ಮದರ್ಶಕ. ರೋಗದ ನೆಲೆ ಜೀವಕೋಶದಲ್ಲಿದೆಯೆಂದು ಜರ್ಮನಿಯ ವಿರ್ಖೋ 1858ರಲ್ಲಿ ಪ್ರತಿಪಾದಿಸಿದನು. ಬಾಯೊಳಗಿನ ಬಿಳಿಯ ಮಚ್ಚೆಗೆ 1877ರಲ್ಲಿ ಹಂಗೇರಿಯ ಶ್ವಿಮ್ಮರನು ‘ಲ್ಯೂಕೋಪ್ಲೇಕಿಯ’ ಎಂದು ಹೆಸರಿಟ್ಟನು. ಬದುಕಿರುವ ದೇಹದಿಂದ ಚೂರು ಮಾಂಸವನ್ನು ತೆಗೆದು ಪರೀಕ್ಷಿಸುವುದಕ್ಕೆ ‘ಬಯಾಪ್ಸಿ’ ಎಂಬ ಹೆಸರು ಫ್ರಾನ್ಸಿನ ಬೆನಿಯೇಯಿಂದ 1879ರಲ್ಲಿ ಬಂತು.

ಈ ಹೊಸ ವಿದ್ಯೆ ಎಷ್ಟು ಸಮರ್ಥವೋ ಕಾಲದ ಮುಂದೆ ಎಷ್ಟು ಅಸಹಾಯವೋ ಎಂಬುದಕ್ಕೆ ಅಮೆರಿಕದ ಅಧ್ಯಕ್ಷನಾಗಿದ್ದ ಗ್ರ್ಯಾಂಟನ ಕಥೆಯೇ ಸಾಕ್ಷಿ. 1884ರ ಬೇಸಗೆಯಲ್ಲಿ ಪೀಚ್ ಹಣ್ಣು ತಿನ್ನುವಾಗ ಅವನಿಗೆ ಗಂಟಲಲ್ಲಿ ಚುಚ್ಚಿದಂತಾಯಿತು. ಪರಿಚಿತ ವೈದ್ಯರೊಬ್ಬರು ಎಚ್ಚರಿಸಿದರೂ ತಿಂಗಳುಗಳು ಉರುಳಿದವು. ತಜ್ಞನ ಬಳಿಗೆ ಹೋದದ್ದು ಅಕ್ಟೋಬರಿನಲ್ಲಿ. 1885ರ ಆರಂಭದಲ್ಲಿ ಸೂಕ್ಷ್ಮದರ್ಶಕವು ಕ್ಯಾನ್ಸರೆಂದು ನಿಶ್ಚಯಿಸಿತು. ಜುಲೈ 23ರಂದು ಅವನು ತೀರಿಕೊಂಡನು. ಯುದ್ಧಗಳನ್ನು ಗೆದ್ದ ಸೇನಾನಿಯನ್ನು ಸೋಲಿಸಿದ್ದು ರೋಗವೊಂದೇ ಅಲ್ಲ, ‘ನೋಡೋಣ’ ಎಂಬ ಮಾತೂ ಹೌದು.

ನಮ್ಮ ದೇಶಕ್ಕೆ ಬರೋಣ. ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, 1902ರಲ್ಲಿ, ಮದರಾಸಿನ ವೈದ್ಯ ನಿಬ್ಲಾಕ್ ಬಾಯಿಯ ಕ್ಯಾನ್ಸರಿಗೂ ಎಲೆಯಡಿಕೆಗೂ ಇರುವ ನಂಟನ್ನು ಬರೆದು ತೋರಿಸಿದ್ದನು. 1933ರಲ್ಲಿ ಆರ್ ಎಂಬ ವೈದ್ಯನು ತಿರುವಾಂಕೂರಿನ ರೋಗಿಗಳನ್ನು ಕುರಿತು ಅದೇ ಮಾತನ್ನು ಹೇಳಿದನು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆಯಿತು. ಬಾಯಿ ಬರಬರುತ್ತ ಬಿಗಿದು ತೆರೆಯಲಾಗದ ಸ್ಥಿತಿಯನ್ನು ಶ್ವಾರ್ಟ್ಜ್ ಎಂಬುವನು 1952ರಲ್ಲಿ ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಕಂಡು ವರ್ಣಿಸಿದನು; ಅದು ಕ್ಯಾನ್ಸರಿಗೆ ಮುನ್ಸೂಚನೆಯಾಗಬಲ್ಲದೆಂದು ಮುಂಬಯಿಯ ಡಾ. ಪೇಮಾಸ್ಟರ್ 1956ರಲ್ಲಿ ಎಚ್ಚರಿಸಿದರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದ ಮೇಲೆ ಕನ್ನಡ ನಾಡಿನ ಬಡ ರೋಗಿಗೆ ದೊಡ್ಡ ಆಸರೆಯಾಯಿತು.

ಉಪಕರಣಗಳು ಬೆಳೆದಿವೆ. ಟೊಲ್ಯುಡೀನ್ ನೀಲಿಯೆಂಬ ಬಣ್ಣವನ್ನು ಹಚ್ಚಿದರೆ ಸಂಶಯದ ಭಾಗವು ಬಣ್ಣ ಹಿಡಿದು ನಿಲ್ಲುತ್ತದೆ. ಪುಟ್ಟ ಬ್ರಷ್ಷಿನಿಂದ ಉಜ್ಜಿ ಕೋಶಗಳನ್ನು ತೆಗೆಯಬಹುದು. ಕುತ್ತಿಗೆಯ ಗಂಟಿಗೆ ಸಣ್ಣ ಸೂಜಿಯ ಪರೀಕ್ಷೆಯುಂಟು. ರೋಗ ಎಲುಬಿನವರೆಗೆ ಇಳಿದಿದೆಯೇ ಎಂದು ನೋಡಲು ಸಿ.ಟಿ., ಎಂ.ಆರ್.ಐ. ಚಿತ್ರಗಳಿವೆ. ಆದರೆ ಬಣ್ಣವು ಸಾಮಾನ್ಯ ಹುಣ್ಣಿಗೂ ಹಿಡಿಯಬಲ್ಲದು, ಬ್ರಷ್ಷು ಆಳಕ್ಕೆ ಇಳಿಯಲಾರದು. ಇವೆಲ್ಲ ಸಾಕ್ಷಿಗಳು, ತೀರ್ಪು ಇಂದಿಗೂ ಬಯಾಪ್ಸಿಯದೇ. ಚೂರು ಮಾಂಸ ತೆಗೆದರೆ ರೋಗ ಕೆರಳಿ ಹರಡುತ್ತದೆಂಬ ಮಾತು ನಮ್ಮ ಜನರಲ್ಲಿದೆ. ಅದು ಭಯವೇ ಹೊರತು ಬಯಾಪ್ಸಿಗೆ ಹಿಂಜರಿಯಲು ಕಾರಣವಲ್ಲ.

ಹಾಗಾದರೆ ದರ್ಶನ, ಸ್ಪರ್ಶನ, ಪ್ರಶ್ನಗಳಿಗೆ ಇಂದು ಬೆಲೆಯಿಲ್ಲವೇ? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ನೆರೆಯ ಕೇರಳ. ಡಾ. ಶಂಕರನಾರಾಯಣನ್ ಮತ್ತು ಅವರ ಸಂಗಡಿಗರು 1996ರಿಂದ ತಿರುವನಂತಪುರದ ಸುತ್ತಿನ ಹದಿಮೂರು ಪಂಚಾಯಿತಿಗಳಲ್ಲಿ ಸುಮಾರು 1 ಲಕ್ಷ 90 ಸಾವಿರ ಜನರನ್ನು ಆರಿಸಿಕೊಂಡರು. ಅರ್ಧದಷ್ಟು ಜನರ ಮನೆಮನೆಗೆ ಹೋದವರು ವೈದ್ಯರಲ್ಲ, ತರಬೇತಿ ಪಡೆದ ಕಾರ್ಯಕರ್ತರು. ಅವರು ಮಾಡಿದ್ದು ಬೆಳಕಿನಲ್ಲಿ ಬಾಯಿ ತೆರೆಸಿ ನೋಡುವುದು, ಬೆರಳಿನಿಂದ ಮುಟ್ಟಿ ನೋಡುವುದು, ಅಭ್ಯಾಸಗಳನ್ನು ಕೇಳುವುದು. ಸಂಶಯ ಬಂದವರನ್ನು ವೈದ್ಯರ ಬಳಿಗೆ ಕಳುಹಿಸುವುದು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು: ತಂಬಾಕು ಅಥವಾ ಮದ್ಯದ ಅಭ್ಯಾಸವುಳ್ಳವರಲ್ಲಿ ಈ ರೋಗದಿಂದ ಸಾಯುವವರ ಪ್ರಮಾಣ ನೂರಕ್ಕೆ ಮೂವತ್ತನಾಲ್ಕರಷ್ಟು ಇಳಿದಿತ್ತು. ವಾಗ್ಭಟನ ಮೂರು ಮಾತುಗಳಿಗೆ ಇಪ್ಪತ್ತೊಂದನೆಯ ಶತಮಾನವು ಕೊಟ್ಟ ಪ್ರಮಾಣಪತ್ರವಿದು. 2016ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯೂ ಮೂವತ್ತು ದಾಟಿದವರ ಬಾಯನ್ನು ಐದು ವರ್ಷಕ್ಕೊಮ್ಮೆ ಹೀಗೆಯೇ ನೋಡಬೇಕೆನ್ನುತ್ತದೆ.

ಹೊಟ್ಟೆಯೊಳಗಿನ, ಎದೆಯೊಳಗಿನ ಕ್ಯಾನ್ಸರು ಕಣ್ಣಿಗೆ ಬೀಳುವುದಿಲ್ಲ. ಬಾಯಿಯದಾದರೋ ಕನ್ನಡಿಯೆದುರು ನಿಂತರೆ ಕಾಣುತ್ತದೆ. ಹೀಗಿದ್ದೂ ನಮ್ಮಲ್ಲಿ ಹೆಚ್ಚಿನವರು ರೋಗ ಬಲಿತ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ಮೊದಮೊದಲು ನೋವಿರುವುದಿಲ್ಲ, ನೋವಿಲ್ಲದ್ದು ರೋಗವಲ್ಲವೆಂದು ನಾವು ನಂಬಿದ್ದೇವೆ. ಹುಣ್ಣೆಂದರೆ ಉಷ್ಣವೆನ್ನುತ್ತೇವೆ, ಹಲ್ಲು ತಾಗಿತೆನ್ನುತ್ತೇವೆ. ಕೂಲಿಯವನಿಗೆ ಒಂದು ದಿನದ ಆಸ್ಪತ್ರೆಯೆಂದರೆ ಒಂದು ದಿನದ ಸಂಬಳ ಹೋದಂತೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಹೆಸರನ್ನು ಕೇಳುವ ಅಂಜಿಕೆ.

ಎರಡು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿಯ ಮಚ್ಚೆ, ಅದಕ್ಕಿಂತ ಅಪಾಯಕರವಾದ ಕೆಂಪು ಮಚ್ಚೆ, ಕೈಗೆ ಸಿಗುವ ಗಂಟು, ಖಾರ ತಾಗಿದರೆ ಉರಿ, ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ, ಇವುಗಳಲ್ಲಿ ಒಂದು ಕಂಡರೂ ದಂತವೈದ್ಯರಿಗೆ ತೋರಿಸಬೇಕು. ಆರಂಭದಲ್ಲಿ ಸಿಕ್ಕಿದ ಬಾಯಿಯ ಕ್ಯಾನ್ಸರು ಬಹುಮಟ್ಟಿಗೆ ಗುಣವಾಗತಕ್ಕದ್ದು. ಕುರೆಕುಪ್ಪದಂತಹ ಊರಿನಲ್ಲಿ ಆಶಾ ಕಾರ್ಯಕರ್ತೆಯು ಮನೆಗೆ ಬಂದು ಎಲೆಯಡಿಕೆ, ತಂಬಾಕುಗಳ ಅಭ್ಯಾಸವನ್ನು ವಿಚಾರಿಸಿದರೆ ಅವಳಿಗೆ ನಿಜವನ್ನೇ ಹೇಳಬೇಕು. ಅವಳು ಕೇಳುವುದು ಹಿಂದೆ ವಾಗ್ಭಟನು ಕೇಳಹೇಳಿದ ಪ್ರಶ್ನೆಯನ್ನೇ.