ಒಂದು ಕೆಜಿ ಒಳಗಿದ್ರೆ ಗಾಂಜಾ ಕೇಸ್ ಆಗಲ್ವಾ? ಕಾನೂನು ಏನು ಹೇಳುತ್ತೆ, ಬದಲಾವಣೆಗೆ ಜನ ಏನು ಮಾಡಿದ್ದಾರೆ: ಇಲ್ಲಿದೆ ಪೂರ್ತಿ ಮಾಹಿತಿ

ತುಮಕೂರು: "ಸ್ವಲ್ಪ ಇದ್ರೆ ಏನೂ ಆಗಲ್ಲ ಬಿಡೋ, ಒಂದು ಕೆಜಿ ದಾಟಿದ್ರೆ ಮಾತ್ರ ಕೇಸು." ಹುಡುಗರ ಬಾಯಲ್ಲಿ ಓಡಾಡೋ ಮಾತು ಇದು. "ಗಾಂಜಾ ಲೀಗಲ್ ಆಗ್ತಿದೆಯಂತೆ" ಅನ್ನೋದು ಇನ್ನೊಂದು. ಎರಡೂ ಸುಳ್ಳು. ಇವನ್ನ ನಂಬಿ ಜೇಬಲ್ಲಿ ಒಂದು ಪೊಟ್ಟಣ ಇಟ್ಟುಕೊಂಡ ಹುಡುಗನ ಮೇಲೂ ಎಫ್‌ಐಆರ್ ಆಗುತ್ತೆ. ಅಂಗಡಿ ಹಿಂದೆ ನಡೆಯೋದನ್ನ ಗೊತ್ತಿದ್ದೂ ಸುಮ್ಮನಿದ್ದ ಅಂಗಡಿಯವರ ಹೆಸರೂ ಸೇರಬಹುದು.

ಹಾಗಂತ ಕಾನೂನು ಬದಲಾಯಿಸಿ ಅಂತ ಯಾರೂ ಕೇಳಿಲ್ಲ ಅಂತಲ್ಲ. ಜನರೇ ಕೋರ್ಟಿಗೆ ಹೋಗಿದ್ದಾರೆ, ಸಂಸದರು ಮಸೂದೆ ಸಿದ್ಧ ಮಾಡಿದ್ದಾರೆ. ಅದು ಎಲ್ಲಿಗೆ ಬಂತು, ಅಲ್ಲಿವರೆಗೆ ನಮ್ಮೂರಲ್ಲಿ ಯಾವ ನಿಯಮ ನಡೆಯುತ್ತೆ ಅನ್ನೋದರ ವಿವರ ಹೀಗಿದೆ.

ಈಗಿರೋ ಕಾನೂನು ಯಾವುದು?

ಬ್ರಿಟಿಷರ ಕಾಲದಲ್ಲಿ ಗಾಂಜಾಗೆ ಲೈಸೆನ್ಸ್ ಅಂಗಡಿಗಳಿದ್ದವು. 1893-94ರಲ್ಲಿ ಸರ್ಕಾರವೇ ಒಂದು ಆಯೋಗ ಮಾಡಿ ದೇಶದ ತುಂಬ ವಿಚಾರಣೆ ನಡೆಸಿತ್ತು. ಮಿತವಾಗಿ ಬಳಸಿದರೆ ದೊಡ್ಡ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಕಿಲ್ಲ ಅಂತ ಆ ಆಯೋಗ ಹೇಳಿತ್ತು. ಆದರೆ 1961ರಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ ಬಂತು, ಭಾರತವೂ ಒಪ್ಪಿಕೊಂಡಿತು. ಅದರ ಮುಂದುವರಿಕೆಯಾಗಿ 1985ರಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯ್ದೆ ಮಾಡಿತು. ಅದೇ ವರ್ಷ ನವೆಂಬರ್ 14ರಿಂದ ಜಾರಿಯಲ್ಲಿದೆ.

ಈ ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆ ಇಲ್ಲದೆ ಬರೀ ಎಲೆ, ಬೀಜ ಇದ್ದರೆ ಅದು ಗಾಂಜಾ ಲೆಕ್ಕಕ್ಕೆ ಬರಲ್ಲ.

ಎಷ್ಟಿದ್ದರೆ ಎಷ್ಟು ಶಿಕ್ಷೆ?

- 1 ಕೆಜಿಗಿಂತ ಕಡಿಮೆ (ಸಣ್ಣ ಪ್ರಮಾಣ): 1 ವರ್ಷದವರೆಗೆ ಕಠಿಣ ಜೈಲು, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ
- 1 ಕೆಜಿಯಿಂದ 20 ಕೆಜಿವರೆಗೆ: 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ
- 20 ಕೆಜಿ ದಾಟಿದರೆ (ವಾಣಿಜ್ಯ ಪ್ರಮಾಣ): ಕನಿಷ್ಠ 10, ಗರಿಷ್ಠ 20 ವರ್ಷ ಜೈಲು, 1ರಿಂದ 2 ಲಕ್ಷ ದಂಡ. ಜಾಮೀನು ಸಿಗೋದು ಬಹಳ ಕಷ್ಟ
- ಗಾಂಜಾ ಸೇದಿದ್ದಕ್ಕೆ: 6 ತಿಂಗಳವರೆಗೆ ಜೈಲು, ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ
- ಗಿಡ ಬೆಳೆಸಿದ್ದಕ್ಕೆ: 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ

ಅಂದರೆ ಒಂದು ಕೆಜಿ ಅನ್ನೋದು ಶಿಕ್ಷೆ ಕಡಿಮೆ ಆಗೋ ಗೆರೆ. ಕೇಸೇ ಇಲ್ಲ ಅನ್ನೋ ಗೆರೆ ಅಲ್ಲ. ಹತ್ತು ಗ್ರಾಂ ಇದ್ದರೂ ಅಪರಾಧವೇ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬರೀ ಸೇದಿದ ಕೇಸಲ್ಲಿ ತಪ್ಪು ಸಾಬೀತಾದರೂ ಜೈಲಿಗೆ ಕಳಿಸದೆ ಸನ್ನಡತೆ ಮೇಲೆ ಬಿಡೋ ಅವಕಾಶ ಕೋರ್ಟಿಗಿದೆ. ಇಟ್ಟುಕೊಂಡ ಕೇಸಲ್ಲಿ 18 ವರ್ಷ ದಾಟಿದವರಿಗೆ ಆ ಅವಕಾಶ ಇಲ್ಲ. ಡಿಗ್ರಿ ಓದೋ ಹುಡುಗ ಗೆಳೆಯನ ಪೊಟ್ಟಣ "ಸ್ವಲ್ಪ ಹೊತ್ತು" ಇಟ್ಟುಕೊಂಡರೂ ಇದೇ ಸೆಕ್ಷನ್. ಮುಂದೆ ಸರ್ಕಾರಿ ಕೆಲಸದ ಪೊಲೀಸ್ ವೆರಿಫಿಕೇಷನ್, ಪಾಸ್‌ಪೋರ್ಟ್ ಬಂದಾಗ ಹಳೇ ಕೇಸು ಎದುರಿಗೆ ಬಂದು ನಿಲ್ಲುತ್ತೆ.

ಅಂಗಡಿಯವರು, ಮನೆ ಮಾಲೀಕರು ಗಮನಿಸಿ

ಸೆಕ್ಷನ್ 25 ಪ್ರಕಾರ ಮನೆ, ರೂಮು, ಅಂಗಡಿ, ವಾಹನ ಯಾವುದೇ ಇರಲಿ, ಅಲ್ಲಿ ಇಂಥ ಅಪರಾಧ ನಡೆಯೋಕೆ ಗೊತ್ತಿದ್ದೂ ಬಿಟ್ಟರೆ ಆ ಅಪರಾಧಕ್ಕಿರೋ ಶಿಕ್ಷೆಯೇ ಮಾಲೀಕರಿಗೂ ಆಗಬಹುದು. "ಗೊತ್ತಿದ್ದೂ" ಅನ್ನೋ ಪದ ಇಲ್ಲಿ ಮುಖ್ಯ. ಉಪ್ಪಾರಹಳ್ಳಿ ಕಡೆ ಹುಡುಗರಿಗೆ ರೂಮು ಬಾಡಿಗೆ ಕೊಡೋರು ಅಗ್ರಿಮೆಂಟು, ಆಧಾರ್ ಕಾಪಿ ಇಟ್ಟುಕೊಂಡಿರೋದು ಒಳ್ಳೇದು. ಅನುಮಾನ ಬಂದರೆ ಠಾಣೆಗೆ ತಿಳಿಸಿ.

ರೈತರಿಗೂ ಇದು ಅನ್ವಯಿಸುತ್ತೆ. ನಮ್ಮ ಜಮೀನಲ್ಲಿ ಬೇರೆಯವರು ಗಾಂಜಾ ಗಿಡ ಹಾಕಿದ್ದು ಕಣ್ಣಿಗೆ ಬಿದ್ದರೆ ತಕ್ಷಣ ಅಧಿಕಾರಿಗಳಿಗೆ ಮಾಹಿತಿ ಕೊಡಬೇಕು ಅನ್ನುತ್ತೆ ಸೆಕ್ಷನ್ 46. ತೋಟದ ಮೂಲೇಲಿ ಎರಡೇ ಗಿಡ ಅಂತ ಬಿಡಂಗಿಲ್ಲ. ಬೆಳೆಸೋದಕ್ಕೆ "ಸಣ್ಣ ಪ್ರಮಾಣ" ಅನ್ನೋ ರಿಯಾಯಿತಿ ಇಲ್ಲ.

ಭಾಂಗ್ ಕಥೆ ಏನು?

ಎಲೆ ಅರೆದು ಮಾಡೋ ಭಾಂಗ್ ಎನ್‌ಡಿಪಿಎಸ್‌ನ ಗಾಂಜಾ ಅಲ್ಲ ಅನ್ನೋ ವಾದಕ್ಕೆ 2022ರ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟಲ್ಲೇ ಬಲ ಸಿಕ್ಕಿತು. ಬೆಂಗಳೂರಿನ ಬೇಗೂರು ಠಾಣೆ ಕೇಸಿನಲ್ಲಿ 29 ಕೆಜಿ ಭಾಂಗ್, 400 ಗ್ರಾಂ ಗಾಂಜಾ ಸಿಕ್ಕಿತ್ತು. ಭಾಂಗ್ ಅನ್ನು ಗಾಂಜಾದಿಂದಲೇ ಮಾಡಿದ್ದಾರೆ ಅನ್ನೋದಕ್ಕೆ ಆಧಾರ ಇಲ್ಲ ಅಂತ ಹೇಳಿ ನ್ಯಾಯಾಲಯ ಆರೋಪಿಗೆ ಜಾಮೀನು ಕೊಟ್ಟಿತು.

ಆದರೆ ಬೀಡಾ ಅಂಗಡಿಯವರು ಇದನ್ನ ಲೈಸೆನ್ಸ್ ಅಂದ್ಕೋಬಾರದು. ಅದು ಜಾಮೀನು ಆದೇಶ ಅಷ್ಟೆ. ಭಾಂಗ್ ಮೇಲೆ ಅಬಕಾರಿ ಕಾನೂನಿನ ಹಿಡಿತ ಇದೆ. 2023ರ ಜುಲೈನಲ್ಲಿ ಮಂಗಳೂರಲ್ಲಿ ಪೊಲೀಸರು ಭಾಂಗ್ ಬೆರೆಸಿದ ಚಾಕೊಲೇಟ್ ಹಿಡಿದು ಅಂಗಡಿಯವರನ್ನ ಬಂಧಿಸಿದ್ದರು. ಚಾಕೊಲೇಟ್ ಹೆಸರಲ್ಲಿ ಯಾರಾದರೂ ಪ್ಯಾಕೆಟ್ ತಂದು ಕೊಟ್ಟರೆ ಅದರ ಮೇಲೆ ಏನು ಬರೆದಿದೆ ಅಂತ ಓದಿ ಇಟ್ಟುಕೊಳ್ಳಿ.

ದೇವರ ಹೆಸರಲ್ಲೂ ವಿನಾಯಿತಿ ಇಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದದ ಪದ್ಧತಿ ಬಗ್ಗೆ 2020ರಲ್ಲಿ ದೇಶದ ಪತ್ರಿಕೆಗಳೆಲ್ಲ ಬರೆದವು. ಶರಣ, ಅವಧೂತ, ಆರೂಢ ಪಂಥದವರಲ್ಲಿ ಕೆಲವರು ಇದನ್ನ ಧ್ಯಾನಕ್ಕೆ ದಾರಿ ಅಂತ ನಂಬ್ತಾರೆ. ಆದರೆ ಕಾಯ್ದೆಯಲ್ಲಿ ಜಾತ್ರೆಗೆ ಅಂತ ಬೇರೆ ಸಾಲಿಲ್ಲ.

ಜನರೇ ಓಟು ಹಾಕಿ ಕಾನೂನು ಬದಲಾಯಿಸಬಹುದಾ?

ಅಮೆರಿಕದಲ್ಲಿ ಆಗಿದೆ. ಅಲ್ಲಿ ಹಲವು ರಾಜ್ಯ, ನಗರಗಳಲ್ಲಿ ಜನ ಸಹಿ ಸಂಗ್ರಹಿಸಿ ಒಂದು ವಿಷಯವನ್ನ ನೇರ ಓಟಿಗೆ ಹಾಕಬಹುದು. 2005ರಲ್ಲಿ ಡೆನ್ವರ್ ನಗರದ ಜನ ಹೀಗೇ ಓಟು ಹಾಕಿ, ದೊಡ್ಡವರು ಒಂದು ಔನ್ಸ್ (ಸುಮಾರು 28 ಗ್ರಾಂ) ಒಳಗೆ ಇಟ್ಟುಕೊಂಡರೆ ತಪ್ಪಲ್ಲ ಅಂದರು. ಆದರೂ ಪೊಲೀಸರು ರಾಜ್ಯದ ಕಾನೂನು ಹಿಡಿದು ಕೇಸು ಹಾಕ್ತಾನೇ ಇದ್ದರು. 2012ರಲ್ಲಿ ಇಡೀ ಕೊಲರಾಡೊ ರಾಜ್ಯವೇ ಓಟು ಹಾಕಿದ ಮೇಲೆ ಪರಿಸ್ಥಿತಿ ಬದಲಾಯಿತು.

ನಮ್ಮಲ್ಲಿ ಆ ದಾರಿಯೇ ಇಲ್ಲ. ಎನ್‌ಡಿಪಿಎಸ್ ಕೇಂದ್ರದ ಕಾಯ್ದೆ. ತುಮಕೂರು ಮಹಾನಗರ ಪಾಲಿಕೆ, ಕುಣಿಗಲ್ ಪುರಸಭೆ, ಗುಬ್ಬಿ ಪಟ್ಟಣ ಪಂಚಾಯಿತಿ ಅಥವಾ ಯಾವ ಗ್ರಾಮ ಸಭೆ ಠರಾವು ಮಾಡಿದರೂ ಅದರ ಒಂದು ಅಕ್ಷರ ಬದಲಾಗಲ್ಲ. ಇಲ್ಲಿ ಉಳಿಯೋದು ಕೋರ್ಟು, ಸಂಸತ್ತು, ಸರ್ಕಾರಕ್ಕೆ ಮನವಿ ಅಷ್ಟೇ. ಮೂರೂ ಕಡೆ ಪ್ರಯತ್ನ ನಡೆದಿದೆ.

- ಕೋರ್ಟು: ಗಾಂಜಾ ನಿಷೇಧ ಪ್ರಶ್ನಿಸಿ ಗ್ರೇಟ್ ಲೀಗಲೈಸೇಷನ್ ಮೂವ್‌ಮೆಂಟ್ ಇಂಡಿಯಾ ಟ್ರಸ್ಟ್ 2019ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಿತು. ಈ ಚಳವಳಿ ಶುರು ಮಾಡಿದ್ದು ಬೆಂಗಳೂರಿನ ವಿಕಿ ವರೋರಾ. ಕೇಂದ್ರ ಸರ್ಕಾರ ಅರ್ಜಿಯನ್ನ ವಿರೋಧಿಸಿತು.
- ಸಂಸತ್ತು: ಪಟಿಯಾಲದ ಸಂಸದ ಡಾ. ಧರ್ಮವೀರ ಗಾಂಧಿ 2016ರಲ್ಲಿ ಖಾಸಗಿ ಮಸೂದೆ ಸಿದ್ಧಪಡಿಸಿದರು. ಆದರೆ 1970ರ ನಂತರ ಯಾವ ಖಾಸಗಿ ಮಸೂದೆಯೂ ಕಾನೂನು ಆಗಿಲ್ಲ.
- ಸರ್ಕಾರ: ಸ್ವಂತ ಬಳಕೆಗೆ ಸಣ್ಣ ಪ್ರಮಾಣ ಇಟ್ಟುಕೊಂಡವರನ್ನ ಅಪರಾಧಿ ಅನ್ನದೆ ಚಿಕಿತ್ಸೆಗೆ ಕಳಿಸಿ ಅಂತ 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ ಸಲಹೆ ಕೊಟ್ಟಿತ್ತು. ಕಾಯ್ದೆ ಮಾತ್ರ ಬದಲಾಗಲಿಲ್ಲ.

2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನ ಅತಿ ಅಪಾಯದ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತ್ತು. "ಲೀಗಲ್ ಆಯ್ತು" ಅನ್ನೋ ಫಾರ್ವರ್ಡ್ ಮೆಸೇಜುಗಳು ಹೆಚ್ಚಾಗಿ ಇಂಥ ಸುದ್ದಿಯಿಂದ ಹುಟ್ತವೆ. ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಡೋಕೆ ಶುರು ಮಾಡಿದ್ದು ನಾರಿಗಾಗಿ ಬೆಳೆಯೋ, ಅಮಲು ಕಡಿಮೆ ಇರೋ ತಳಿಗೆ. ಅದೂ ಸೇದೋ ಗಾಂಜಾ ಅಲ್ಲ.

ಪರ, ವಿರೋಧ ಏನಂತಾರೆ?

ಏಮ್ಸ್ ಮಾಡಿದ ಸಮೀಕ್ಷೆಯನ್ನ ಕೇಂದ್ರ 2019ರಲ್ಲಿ ಬಿಡುಗಡೆ ಮಾಡಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಾಂಗ್, ಗಾಂಜಾ, ಚರಸ್ ಬಳಸ್ತಾರೆ. ಇಷ್ಟು ಜನರನ್ನ ಜೈಲಿಗೆ ಹಾಕೋಕಾಗಲ್ಲ, ಸಿಕ್ಕಿಬೀಳೋದು ಬಡ ಹುಡುಗರೇ, ದೊಡ್ಡ ವ್ಯಾಪಾರಿಗಳಲ್ಲ ಅನ್ನೋದು ಬದಲಾವಣೆ ಕೇಳೋರ ವಾದ. ಹದಿಹರೆಯದಲ್ಲಿ ಶುರು ಮಾಡಿದರೆ ಮನೋವಿಕಾರದ ಅಪಾಯ ಹೆಚ್ಚು, ಕಾನೂನಿನ ಭಯ ಹೋದರೆ ಕಾಲೇಜು ಗೇಟಿಗೇ ಬರುತ್ತೆ ಅನ್ನೋದು ವಿರೋಧಿಸೋರ ಮಾತು. ಎರಡೂ ಕಡೆಯವರು ಒಪ್ಪೋದು ಒಂದಿದೆ: ಚಟಕ್ಕೆ ಬಿದ್ದವನಿಗೆ ಬೇಕಾಗಿರೋದು ಡಾಕ್ಟರು.

ಕಾಯ್ದೆಯಲ್ಲೇ ಇರೋ ಬಾಗಿಲು

ಆ ಡಾಕ್ಟರ ಹತ್ತಿರ ಹೋಗೋಕೆ ಕಾನೂನು ಬದಲಾಗೋವರೆಗೆ ಕಾಯಬೇಕಾಗಿಲ್ಲ. ಸೆಕ್ಷನ್ 64ಎ ಪ್ರಕಾರ, ಸೇದಿದ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಆರೋಪ ಇರೋ ವ್ಯಸನಿ ತಾನಾಗೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ ಆ ಕೇಸಿನಿಂದ ರಕ್ಷಣೆ ಸಿಗುತ್ತೆ. ಚಿಕಿತ್ಸೆ ಅರ್ಧಕ್ಕೇ ಬಿಟ್ಟರೆ ರಕ್ಷಣೆ ವಾಪಸ್ ಹೋಗಬಹುದು. ಇದನ್ನ ಕೇಳಿ ಪಡೀಬೇಕು, ಹಾಗಾಗಿ ವಕೀಲರಿಗೆ ಮೊದಲೇ ಹೇಳಿ.

ಪೊಲೀಸರು ಮೈ ಶೋಧ ಮಾಡೋ ಮುಂಚೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಮಾಡಿ ಅಂತ ಕೇಳೋ ಹಕ್ಕು ಸೆಕ್ಷನ್ 50ರಲ್ಲಿದೆ. ಹೆಂಗಸರ ಮೈ ಶೋಧ ಹೆಂಗಸರೇ ಮಾಡಬೇಕು. ಬ್ಯಾಗು, ಗಾಡಿ ಶೋಧಕ್ಕೆ ಈ ಹಕ್ಕು ಅನ್ವಯಿಸಲ್ಲ.

ಸಹಾಯಕ್ಕೆ ಎಲ್ಲಿ ಕೇಳಬೇಕು?

- ವ್ಯಸನ ಬಿಡಿಸೋ ರಾಷ್ಟ್ರೀಯ ಸಹಾಯವಾಣಿ: 14446
- ಮಾನಸಿಕ ಆರೋಗ್ಯ, ಟೆಲಿ ಮಾನಸ್: 14416
- ಉಚಿತ ಕಾನೂನು ನೆರವು: 15100 ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ
- ಮಾರಾಟದ ಬಗ್ಗೆ ಮಾಹಿತಿ ಕೊಡಲು: 1933

ಮನೆಯಲ್ಲಿ ಹುಡುಗ ದಾರಿ ತಪ್ಪಿದ್ದಾನೆ ಅನ್ನಿಸಿದರೆ ಮುಚ್ಚಿಡಬೇಡಿ. ಪೊಲೀಸರು ಬಾಗಿಲು ತಟ್ಟೋ ಮುಂಚೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.