ನಿನ್ನೆ ಸುರಿದ ಕಾಂಕ್ರೀಟು

1978ರ ಏಪ್ರಿಲ್ 27, ಅಮೆರಿಕದ ವೆಸ್ಟ್ ವರ್ಜೀನಿಯಾ. ವಿಲೋ ಐಲೆಂಡ್‌ನಲ್ಲಿ ವಿದ್ಯುತ್ ಸ್ಥಾವರಕ್ಕೆ ಕೂಲಿಂಗ್ ಟವರ್ ಕಟ್ತಾ ಇದ್ರು. ಗೋಡೆ ಆಗಲೇ ಸುಮಾರು 50 ಮೀಟರ್ ಎದ್ದಿತ್ತು. ಅಟ್ಟಣಿಗೆ ನೆಲದಿಂದ ನಿಂತದ್ದಲ್ಲ, ಆ ಗೋಡೆಗೇ ಬೋಲ್ಟ್ ಹಾಕಿ ತೂಗುಬಿಟ್ಟದ್ದು. ಅಂದ್ರೆ ನಿನ್ನೆ ಸುರಿದ ಕಾಂಕ್ರೀಟು ಇವತ್ತು ಆಳುಗಳನ್ನೂ ಸಾಮಾನನ್ನೂ ಹೊರಬೇಕು.

ಹೊರಲಿಲ್ಲ. ಗೋಡೆಯ ಮೇಲಂಚು ಸುತ್ತಲೂ ಸುಲಿದು ಅಟ್ಟಣಿಗೆ ಸಮೇತ ಬಿತ್ತು. ಮೇಲಿದ್ದ 51 ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಅವರಲ್ಲಿ ಒಂದೇ ಕುಟುಂಬದವರು ಹತ್ತು ಮಂದಿ!

ನೋಡಿ, ಕಾಂಕ್ರೀಟು ಗಟ್ಟಿಯಾಗೋದು ಒಣಗಿ ಅಲ್ಲ, ಸಿಮೆಂಟು ನೀರಿನ ಜೊತೆ ನಡೆಸುವ ರಾಸಾಯನಿಕ ಕ್ರಿಯೆಯಿಂದ. ಚಳಿಯಲ್ಲಿ ಅದು ನಿಧಾನ. ಹಿಂದಿನ ರಾತ್ರಿ ಚಳಿಯಿತ್ತು. ಕಾಂಕ್ರೀಟಿಗೆ ಸಾಕಷ್ಟು ಬಲ ಬರುವ ಮೊದಲೇ ಭಾರ ಹೇರಿದ್ದೇ ಕಾರಣ ಅಂತ ಸರ್ಕಾರದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಹೇಳಿತು. ದಂಡದ ಪ್ರಕರಣ 85,500 ಡಾಲರಿಗೆ ರಾಜಿಯಾಯ್ತು. ತಲೆಗೆ ಎಷ್ಟು ಬಿತ್ತು, ನೀವೇ ಭಾಗಿಸಿ.

ಕಾಂಕ್ರೀಟು ಮತ್ತು ಕಲ್ಲು-ಇಟ್ಟಿಗೆ ಕೆಲಸದ ಸುರಕ್ಷತಾ ನಿಯಮಗಳನ್ನು ಅಲ್ಲಿ ಹೊಸದಾಗಿ ಬರೆದದ್ದು 1988ರಲ್ಲಿ, ಹತ್ತು ವರ್ಷ ಕಳೆದ ಮೇಲೆ. ತನ್ನ ತೂಕವನ್ನೂ ಮೇಲಿನ ಭಾರವನ್ನೂ ಹೊರುವ ಬಲ ಬಂದಿದೆ ಅಂತ ಮಾಲೀಕ ಖಾತ್ರಿ ಮಾಡಿಕೊಳ್ಳದೆ ಸೆಂಟ್ರಿಂಗ್ ಬಿಚ್ಚುವಂತಿಲ್ಲ. ಮೇಸ್ತ್ರಿಯ ಅಂದಾಜು ನಡೆಯೋಲ್ಲ: ನಕ್ಷೆಯಲ್ಲಿ ಬರೆದ ಷರತ್ತು ಪಾಲಿಸಿರಬೇಕು, ಇಲ್ಲವೇ ಪರೀಕ್ಷೆಯ ಫಲಿತಾಂಶ ಕೈಲಿರಬೇಕು.