ಹಾರ್ಮೋನು ಹುಟ್ಟಿದ್ದು ಕರುಳಿನಲ್ಲಿ

ನಲವತ್ತೈದು ದಾಟಿದ ನನ್ನ ಗೆಳತಿಯರು ಸೇರಿದರೆ ಎರಡೇ ಮಾತು: ಹೊಟ್ಟೆಯುಬ್ಬರ, ಮುಟ್ಟಿನ ಏರುಪೇರು. ಒಂದಕ್ಕೆ ಒಬ್ಬ ಡಾಕ್ಟರು, ಇನ್ನೊಂದಕ್ಕೆ ಇನ್ನೊಬ್ಬರು. ಎರಡಕ್ಕೂ ನಂಟಿದೆಯಾ ಅಂತ ಕೇಳಿದರೆ, "ವಯಸ್ಸಾಯ್ತಲ್ಲಮ್ಮಾ" ಅನ್ನೋ ಉತ್ತರ. ಆದರೆ ಇತಿಹಾಸ ತೆಗೆದು ನೋಡಿ, ಹಾರ್ಮೋನಿನ ಕಥೆ ಶುರುವಾಗಿದ್ದೇ ಕರುಳಿನಿಂದ.

1902ರ ಜನವರಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜು. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಒಂದು ನಾಯಿಯ ಸಣ್ಣ ಕರುಳಿನ ಭಾಗವೊಂದಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಬಿಟ್ಟರು. ನರವೇ ಇಲ್ಲದ ಮೇಲೆ ಮೇದೋಜೀರಕ ಗ್ರಂಥಿಗೆ ಸುದ್ದಿ ಮುಟ್ಟಬಾರದು. ಆದರೂ ರಸ ಒಸರಿತು! ಕರುಳಿನ ಒಳಪದರವನ್ನು ಕೆರೆದು, ಆಮ್ಲದ ಜೊತೆ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದರು. ಮತ್ತೆ ಒಸರಿತು. ಸುದ್ದಿ ಹೋಗಿದ್ದು ರಕ್ತದ ದಾರಿಯಲ್ಲಿ. ಆ ವಸ್ತುವಿಗೆ ಸೆಕ್ರೆಟಿನ್ ಅಂತ ಹೆಸರಿಟ್ಟರು. ಇಂಥ ಎಲ್ಲ ದೂತರಿಗೂ ಸೇರಿಸಿ 'ಹಾರ್ಮೋನು' ಎಂಬ ಪದವನ್ನು ಸ್ಟಾರ್ಲಿಂಗ್ ಬಳಸಿದ್ದು 1905ರಲ್ಲಿ.

ಮುಂದೆ ಕಥೆ ಅಂಡಾಶಯದ ಕಡೆ ಹೊರಳಿತು. 1929ರಲ್ಲಿ ಡಾಯ್ಸಿ ಮತ್ತು ಬುಟೆನಾಂಟ್ ಬೇರೆ ಬೇರೆಯಾಗಿ ಈಸ್ಟ್ರೋನ್ ಬೇರ್ಪಡಿಸಿದರು. 1942ರಲ್ಲಿ, ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಪ್ರೆಮರಿನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. ಮುಟ್ಟು ನಿಲ್ಲೋದು ಅಂದ್ರೆ ಈಸ್ಟ್ರೋಜನ್ ಕೊರತೆ, ಅಷ್ಟೇ. ಕರುಳನ್ನು ಕೇಳುವವರಿಲ್ಲ.

ಅದು ಮತ್ತೆ ನೆನಪಾಗಿದ್ದು 1970ರ ದಶಕದಲ್ಲಿ, ಫಿನ್‌ಲೆಂಡಿನಲ್ಲಿ. ಗರ್ಭಿಣಿಯರಿಗೆ ಆಂಪಿಸಿಲಿನ್ ಕೊಟ್ಟಾಗ ಮೂತ್ರದಲ್ಲಿನ ಈಸ್ಟ್ರಿಯಾಲ್ ಇಳಿಯುತ್ತಿತ್ತು. ಯಾಕೆ? ಯಕೃತ್ತು ಈಸ್ಟ್ರೋಜನ್ನನ್ನು ಗಂಟು ಕಟ್ಟಿ ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಗಂಟು ಬಿಚ್ಚಿದರೆ ಒಂದಷ್ಟು ಪಾಲು ವಾಪಸ್ ರಕ್ತಕ್ಕೆ ಸೇರುತ್ತದೆ. ಆಂಟಿಬಯಾಟಿಕ್ಕು ಬಿಚ್ಚುವವರನ್ನೇ ಕೊಂದಿತ್ತು. 2011ರಲ್ಲಿ ಪ್ಲೊಟ್ಟೆಲ್ ಮತ್ತು ಬ್ಲೇಸರ್ ಈ ಕೆಲಸದ ಬ್ಯಾಕ್ಟೀರಿಯಾ ಜೀನುಗಳಿಗೆಲ್ಲ 'ಈಸ್ಟ್ರೊಬೊಲೋಮ್' ಎಂದು ಹೆಸರು ಕೊಟ್ಟರು.

ಹೆಸರು ಬಂದದ್ದೇ ತಡ, ಡಬ್ಬಿಗಳೂ ಬಂದವು: "ಹಾರ್ಮೋನು ಸರಿಮಾಡುವ" ಪುಡಿ, ಮಾತ್ರೆ. ನಂಟಿದೆ ಅನ್ನೋದು ಬೇರೆ, ಪುಡಿ ತಿಂದರೆ ಬಿಸಿಯುಸಿರು, ಬೆವರು ನಿಲ್ಲುತ್ತೆ ಅನ್ನೋದು ಬೇರೆ. ಎರಡನೆಯದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ. ರಾಗಿ, ಕಾಳು, ಸೊಪ್ಪು, ಮಜ್ಜಿಗೆ ಊಟಕ್ಕೆ ಒಳ್ಳೆಯದೇ, ಔಷಧಿ ಅಂದುಕೊಳ್ಳಬೇಡಿ.

ಇನ್ನೊಂದು ಮಾತು, ಗೆಳತಿಯರೇ. ಹೊಸದಾಗಿ ಶುರುವಾಗಿ ವಾರಗಟ್ಟಲೆ ಬಿಡದ ಹೊಟ್ಟೆಯುಬ್ಬರ ಅಂಡಾಶಯದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. "ಗ್ಯಾಸು" ಅಂತ ಸುಮ್ಮನಾಗದೆ ತೋರಿಸಿಕೊಳ್ಳಿ. ಮುಟ್ಟಿನ ವಿಷಯವನ್ನು ಹೊಟ್ಟೆ ಡಾಕ್ಟರಿಗೂ, ಹೊಟ್ಟೆಯ ವಿಷಯವನ್ನು ಹೆಂಗಸರ ಡಾಕ್ಟರಿಗೂ ಹೇಳಿ. ಅವರು ಕೇಳದಿದ್ದರೂ ಹೇಳಿ.